ಅನ್ನಪೂರ್ಣಾ ಬಿಟ್ಟ ಪ್ರಶ್ನೆ

ಇಂಗ್ಲಿಷಿನಲ್ಲಿ ಮೂವತ್ಮೂರು ಅಂಕ ತೆಗೆದು ಅನ್ನಪೂರ್ಣಾ ಎಸ್ಸೆಸ್ಸೆಲ್ಸಿ ನಪಾಸಾಗಿದ್ದಳು. ಇನ್ನೆರಡು ಬಂದಿದ್ದರೆ ದೇಗಾಂವದ ಅಂಗನವಾಡಿ ಕೆಲಸ ಅವಳ ಕೈಯಲ್ಲಿರುತ್ತಿತ್ತು. ಎರಡು ಮಕ್ಕಳ ತಾಯಿಗೆ ಇದೆಲ್ಲ ಯಾಕೆ ಎಂದು ಆಡಿಕೊಳ್ಳುವವರ ಬಾಯಿಗೆ ಬೀಗ ಹಾಕಲಾದೀತೇ? ಅವಳು ೧೯೯೯ರ ಪರೀಕ್ಷೆಗೂ ಫಾರ್ಮು ತುಂಬಿದ್ದಳು.

ಕಲಿಸುವವಳು ನಾದಿನಿ ಭಾಗ್ಯಾ, ಕಿತ್ತೂರಿನ ಕಾಲೇಜಿಗೆ ಹೋಗುವ ಹುಡುಗಿ. ಮೊದಮೊದಲು ಅನ್ನಪೂರ್ಣಾ ‘ಡಿಡ್ ನಾಟ್ ವೆಂಟ್’ ಎಂದೇ ಬರೆಯುತ್ತಿದ್ದಳು. ನಿನ್ನೆಯ ಭಾರವನ್ನೆಲ್ಲ ‘ಡಿಡ್’ ಹೊತ್ತುಕೊಂಡ ಮೇಲೆ ಮುಂದಿನ ಕ್ರಿಯಾಪದ ಕೈಬೀಸಿಕೊಂಡು ನಡೆಯಬೇಕು, ‘ಗೋ’ ಅಂದರೆ ಸಾಕು ಎಂದು ಭಾಗ್ಯಾ ತಿಳಿಹೇಳಿದಳು. ಆಮೇಲೆ ಎಲ್ಲ ನೀರು ಕುಡಿದಷ್ಟು ಸಲೀಸಾಯಿತು.

ಅವತ್ತು ಹೋದ ಸಲದ ಪ್ರಶ್ನೆಪತ್ರಿಕೆ ಬಿಡಿಸಲು ಕೊಟ್ಟರೆ ಒಂದು ಜಾಗ ಖಾಲಿ. ‘ದಿ ಡ್ರೈವರ್ ಕೇಮ್ ಹೋಮ್’ ಎಂಬುದನ್ನು ‘ಮನೆಗೆ ಬರಲಿಲ್ಲ’ ಎಂದು ತಿರುಗಿಸಬೇಕಿತ್ತು. ಎರಡು ಅಂಕ. ಪರೀಕ್ಷೆಯಲ್ಲೂ ಇದನ್ನೇ ಬಿಟ್ಟುಬಂದಿದ್ದೆ ಎಂದು ಅನ್ನಪೂರ್ಣಾ ತಲೆತಗ್ಗಿಸಿ ಒಪ್ಪಿಕೊಂಡಳು.

“ಗೊತ್ತೈತಲ್ಲ ವೈನಿ, ಯಾಕ ಬಿಟ್ರಿ?”

“ನಿಮ್ಮ ಅಣ್ಣಾರು ಅವತ್ತೂ ಹಾದಿ ಮ್ಯಾಲ ಇದ್ರು, ಇವತ್ತೂ ಅದಾರ. ಬರಲಿಲ್ಲ ಅಂತ ನನ್ನ ಕೈಲೆ ಹೆಂಗ ಬರೀಲಿ?”

ಅವಳ ಗಂಡ ನಿಂಗರಾಜ ಪುಣೆಗೆ ಲಾರಿ ಹೊಡೆಯುತ್ತಿದ್ದ. ಹಾದಿಯ ಮೇಲಿದ್ದವರನ್ನು ‘ಬಂದಿಲ್ಲ’ ಅನ್ನುವಂತಿಲ್ಲ, ಯಾರು ಕೇಳಿದರೂ ‘ಬರಾಕ ಹತ್ಯಾರ’, ಬರುತ್ತಿದ್ದಾರೆ, ಅನ್ನಬೇಕು. ಅತ್ತೆ ಚನ್ನವ್ವ ಹಾಕಿದ ಕಟ್ಟಳೆ ಅದು. ಸೊಸೆ ಅದನ್ನು ಪರೀಕ್ಷೆಯ ಹಾಳೆಗೂ ಒಯ್ದಿದ್ದಳು. ಹುಚ್ಚು ಅನ್ನಿ, ಪ್ರೀತಿಯ ಹುಚ್ಚು.

ಅಲ್ಲೇ ಕೂತು ಶೇಂಗಾ ಸುಲಿಯುತ್ತಿದ್ದ ಚನ್ನವ್ವನ ಕೈ ನಿಂತಿತು. ಭಾಗ್ಯಾ ತೊಟ್ಟಿಲಲ್ಲಿದ್ದಾಗಿನ ಮಾತನ್ನು ಅವಳು ಮೊದಲ ಸಲ ಬಾಯಿಬಿಟ್ಟು ಹೇಳಿದಳು. ಗಂಡ ಸವದತ್ತಿ ಸಂತೆಗೆ ಹೋಗಿದ್ದ. ಪಕ್ಕದ ಮನೆಯ ಕೆಂಚವ್ವ ಬಂದು, ಅವನು ಬಂದನೇ ಎಂದು ಕೇಳಿದ್ದಳು. ರೊಟ್ಟಿ ಬಡಿಯುವ ಗಡಿಬಿಡಿಯಲ್ಲಿ ಇವಳು ‘ಬಂದಿಲ್ಲ’ ಅಂದುಬಿಟ್ಟಳು. ಅವನು ಹತ್ತಿದ್ದ ಟೆಂಪೊ ಹಾದಿಯಲ್ಲಿ ಉರುಳಿತ್ತು. ಅವನು ಬರಲೇ ಇಲ್ಲ. ಅಂದಿನಿಂದ ಚನ್ನವ್ವ, ಗಂಡನನ್ನು ಕೊಂದದ್ದು ತನ್ನ ಬಾಯಿಯೇ ಎಂದು ನಂಬಿಕೊಂಡು ಬದುಕಿದ್ದಳು.

ನಪಾಸಾದರೂ ಚಿಂತೆಯಿಲ್ಲ ಎಂದು ಅನ್ನಪೂರ್ಣಾ ಪುಸ್ತಕ ಮುಚ್ಚಿದಳು. ಅತ್ತೆ ಅದನ್ನು ಮತ್ತೆ ತೆರೆದಿಟ್ಟಳು.

“ಬರಿ. ನನ್ನ ಅಂಜಿಕಿ ನಿನ್ನ ನೌಕರಿ ತಿನ್ನೂದು ಬ್ಯಾಡ.”

‘ದಿ ಡ್ರೈವರ್ ಡಿಡ್ ನಾಟ್ ಕಮ್ ಹೋಮ್.’ ಅನ್ನಪೂರ್ಣಾ ತಪ್ಪಿಲ್ಲದೆ ಬರೆದಳು.

ಮರುದಿನ ಬೆಳಿಗ್ಗೆ ಬರಬೇಕಾದ ನಿಂಗರಾಜ ಮಧ್ಯಾಹ್ನವಾದರೂ ಬರಲಿಲ್ಲ. ಚನ್ನವ್ವ ಊಟ ಬಿಟ್ಟು ಹೊಸ್ತಿಲ ಮೇಲೆ ಕುಳಿತಳು. ಆ ಹಾಳೆ ಹರಿದುಹಾಕಲು ಅನ್ನಪೂರ್ಣಾ ಎರಡು ಸಲ ಎದ್ದಳು, ಎರಡು ಸಲವೂ ಅತ್ತೆ ಸೆರಗು ಹಿಡಿದು ಕೂರಿಸಿದಳು. ಮೂರು ಗಂಟೆಗೆ ನಿಂಗರಾಜ ಬಂದ. ನಿಪ್ಪಾಣಿ ಹತ್ತಿರ ಲಾರಿ ಪಂಕ್ಚರ್ ಆಗಿತ್ತಂತೆ. ಹಸಿವಾಗಿದೆ, ಬೇಗ ಬಡಿಸಿ ಅಂದ.

ಚನ್ನವ್ವ ಮಗನ ಮುಖ, ತೋಳು, ಎದೆ ಎಲ್ಲ ಮುಟ್ಟಿ ನೋಡಿದಳು. ಆಮೇಲೆ ಸೊಸೆಯ ಕಡೆ ತಿರುಗಿದಳು.

“ಹಂಗಾರ ಅವತ್ತ ಅವರು ಹೋಗಿದ್ದು ನನ್ನ ಮಾತಿಗಲ್ಲ,” ಅಂದಳು. ಅಂದವಳೇ ಅನ್ನಪೂರ್ಣಾಳ ಹೆಗಲಿಗೆ ತಲೆಯಿಟ್ಟು, ಇಷ್ಟು ವರ್ಷಕ್ಕೆ ಮೊದಲ ಸಲ, ಗಂಡನಿಗಾಗಿ ಅತ್ತಳು.