ಮುಕ್ಕಳಿಸದ ಬಾಯಿ

ಸೊಸೆ ಹತ್ತೂವರೆ ಬಸ್ಸಿಗೆ ಹೊರಡುವವಳು. ಸೌತೆಬೀಜ ಬೆಳೆದು ಮಾರುವ ಮುದುಕನಿಗೆ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

ಎರಡು ವರ್ಷದ ಹಿಂದೆ, ಮಗನ ಮದುವೆಯ ಊಟಕ್ಕೆ ಗ್ರೀಕ್ ಮಾತಿನ ಈ ಹುಡುಗಿ ಪಕ್ಕದಲ್ಲೇ ಕೂತಿದ್ದಾಗ, ‘ಬೇಲಿಯಾಚೆಯಿಂದ ಹಬ್ಬಿ ಬಂದ ಬಳ್ಳಿ ಕಹಿಕಾಯಿಯನ್ನೇ ಬಿಡೋದು’ ಎಂದು ನೆಂಟರನ್ನು ನಗಿಸಿದ್ದ. ಅವಳಿಗೆ ತಿಳಿಯದೆಂಬ ಧೈರ್ಯ. ಈಗ ಅವಳು ಮನೆಯ ಮಾತನ್ನು ಅರಳು ಹುರಿದಂತೆ ಆಡುತ್ತಾಳೆ. ಮಗ ಸೊಸೆ ಊರಿಗೆ ಬಂದು ಮೂರು ದಿನವಾದರೂ ತಪ್ಪಾಯಿತೆಂಬ ಒಂದು ಮಾತು ಅವನ ಗಂಟಲು ದಾಟಿರಲಿಲ್ಲ.

ಸೌತೆಯ ಹೊಲಕ್ಕೆ ನಡೆದ. ಅಲ್ಲಿ ಅವನದು ನಾಲಿಗೆಯ ಕೆಲಸ. ಪ್ರತಿ ಬಳ್ಳಿಯ ಮೊದಲ ಕಾಯಿಯನ್ನು ತೊಟ್ಟಿನ ಕಡೆ ಕೊಯ್ದು ಕಚ್ಚಿ ನೋಡಬೇಕು. ಕಹಿಯಿಲ್ಲದಿದ್ದರೆ ಬಳ್ಳಿಗೆ ಬಟ್ಟೆಚೂರು ಕಟ್ಟಿ ಬೀಜಕ್ಕೆ ಬಿಡುವುದು. ಕಹಿಯಾದರೆ ಬೇರುಸಮೇತ ಕೀಳುವುದು. ಕಹಿ ಸಿಕ್ಕ ಮೇಲೆ ಬಾಯಿ ಮುಕ್ಕಳಿಸದೆ ಇನ್ನೊಂದಕ್ಕೆ ಹಲ್ಲು ತಾಗಿಸಬಾರದು.

ಇವತ್ತು ಮೊದಲನೆಯದೇ ಕಹಿ. ಕಿತ್ತ. ಕಣ್ಣು ಮನೆಯ ಮೆಟ್ಟಿಲ ಮೇಲಿದ್ದ ಅವಳ ಚೀಲದತ್ತ. ಮುಂದಿನದೂ ಕಹಿ, ಅದರ ಮುಂದಿನದೂ. ಹೀಗೆ ನಾಲ್ಕು ಬಳ್ಳಿ ಕಿತ್ತೆಸೆದ.

“ಹೋಗಿ ಬರ್ತೀನಿ ಮಾವ,” ಎನ್ನುತ್ತ ಬಂದ ಸೊಸೆ ಅವನು ಕೊನೆಗೆ ಕಿತ್ತ ಬಳ್ಳಿಯ ಕಾಯೊಂದನ್ನು ಎತ್ತಿ ಕಚ್ಚಿದಳು. “ಇದು ಕಹಿ ಇಲ್ವಲ್ಲ!”

“ನಿಂಗೇನಮ್ಮ ಗೊತ್ತು…” ಎಂದವನು ಮುಕ್ಕಳಿಸಲೆಂದು ತಂದಿಟ್ಟ ತಂಬಿಗೆಯತ್ತ ನೋಡಿದ. ನೀರು ತುಂಬಿದ್ದು ತುಂಬಿದಂತೆಯೇ ಇತ್ತು. ಮುಖ ಸಪ್ಪಗಾಯಿತು.

“ನಿಮ್ಮ ಗ್ರೀಕಲ್ಲಿ ಕಹಿಗೆ ಏನಂತೀರಿ?”

“ಪಿಕ್ರೋಸ್.”

“ಪಿಕ್ರೋಸ್.” ಹೊಸ ಕಾಯಿ ಜಗಿದಂತೆ ಹೇಳಿಕೊಂಡ. “ಬರೀ ಕಾಯಿಗೋ, ಮಾತಿಗೂ ಅನ್ನಬಹುದೋ?”

“ಮಾತಿಗೂ ಅಂತೀವಿ. ಅಳು ನುಂಗಿಕೊಂಡ ದಿನಕ್ಕೂ.”

“ಹಾಗಾದ್ರೆ ಮದುವೆ ದಿನ ನಾನಂದಿದ್ದು ಪಿಕ್ರೋಸ್ ಕಣಮ್ಮ. ಬಳ್ಳಿದೇನೂ ತಪ್ಪಿಲ್ಲ. ತಪ್ಪೆಲ್ಲ ಈ ನಾಲಿಗೇದು.”

ರಸ್ತೆಯಲ್ಲಿ ಬಸ್ಸು ಹಾರನ್ ಹೊಡೆಯಿತು. ಮೆಟ್ಟಿಲಿನಿಂದ ಮಗ, “ಬೇಗ ಬಾರೇ!” ಎಂದು ಕೂಗಿದ. ಅವಳು ಕದಲಲಿಲ್ಲ.

“ಮಾತು ಅವತ್ತು ಅರ್ಥ ಆಗಲಿಲ್ಲ, ಮಾವ. ಆದ್ರೆ ಎಲ್ಲರೂ ನಕ್ಕಾಗ ನಿಮ್ಮ ಮಗ ಒಬ್ಬ ನಗಲಿಲ್ಲ. ಆಗಲೇ ಗೊತ್ತಾಯ್ತು.”

ಮುದುಕ ತಲೆ ತಗ್ಗಿಸಿದ. ಅವಳು ತಂಬಿಗೆ ಎತ್ತಿ ಅವನ ಕೈಗಿತ್ತಳು. “ಮೊದಲು ಮುಕ್ಕಳಿಸಿ. ನಿಮ್ಮನ್ನ ಹೀಗೇ ಬಿಟ್ಟು ಹೋದ್ರೆ ಹೊಲಾನೇ ಬೋಳಾಗುತ್ತೆ.” ಮಗನತ್ತ ತಿರುಗಿ, “ಎರಡು ಗಂಟೆ ಬಸ್ಸಿಗೆ ಹೋಗೋಣ!” ಎಂದು ಕೂಗಿ, ಕಹಿಯಿಲ್ಲದ ಆ ಬಳ್ಳಿಯ ಬೇರನ್ನು ಮತ್ತೆ ಗುಳಿಯಲ್ಲಿಟ್ಟು ಒದ್ದೆ ಮಣ್ಣು ಒತ್ತತೊಡಗಿದಳು.

“ಅದು ಬದುಕೋದು ಕಷ್ಟ,” ಎಂದ ಮುದುಕ, ನೀರು ಉಗಿದು.

“ನೆರಳು ಮಾಡೋಣ,” ಎಂದಳು ಸೊಸೆ.