ಹೆಸರು ಹಿಡಿದು ಬೇಡಿದ್ದು

ಮೋನಿಕಾ ಮೈಕಿನ ಮುಂದೆ ನಿಂತು ಕಣ್ಣು ಮುಚ್ಚಿಕೊಂಡಳು. ಹಿರಿಯೂರಿನ ಆ ಪುಟ್ಟ ಚರ್ಚಿನಲ್ಲಿ ಫಾದರ್ ಪ್ರಸಂಗ ಮುಗಿಸಿದ ಮೇಲೆ ಯಾರು ಬೇಕಾದರೂ ಎದ್ದು ಬಂದು ತಮ್ಮ ಕೋರಿಕೆ ಹೇಳಬಹುದು. ಉಳಿದವರು ಒಟ್ಟಾಗಿ ದನಿಗೂಡಿಸುತ್ತಾರೆ. ಒಬ್ಬರ ಮಂಡಿನೋವು, ಇನ್ನೊಬ್ಬರ ಮಗಳ ಮದುವೆ, ಎಲ್ಲವೂ ಹತ್ತು ಜನರ ಕಿವಿಗೆ ಬಿದ್ದೇ ದೇವರನ್ನು ಮುಟ್ಟಬೇಕು.

ಹದಿನಾರು ವರ್ಷದ ಮಗ ಫೆಲಿಕ್ಸ್ ಕ್ರಿಸ್‌ಮಸ್ ಕಳೆದ ಮೇಲೆ ಚರ್ಚಿನ ಮೆಟ್ಟಿಲು ಹತ್ತಿರಲಿಲ್ಲ. ಒಂದು ಸಂಜೆ ಮನೆಯಲ್ಲಿ ಜಪಸರದ ಪ್ರಾರ್ಥನೆಯ ನಡುವೆಯೇ ಎದ್ದು, "ನಂಗೇನೂ ಅನ್ಸಲ್ಲಮ್ಮ. ಸುಮ್ನೆ ಬಾಯಾಡಿಸ್ತೀನಿ ಅಷ್ಟೆ. ಅದು ಸುಳ್ಳಲ್ವಾ?" ಎಂದಿದ್ದ. ತಾಯಿ ಅವನ ಮೊಬೈಲು ಕಿತ್ತುಕೊಂಡಳು. ಬೈದಳು, ಊಟ ಬಿಟ್ಟಳು, ತೀರಿಹೋದ ಅವನಪ್ಪನ ಆಣೆ ಹಾಕಿದಳು. ಹುಡುಗ ಜಗ್ಗಲಿಲ್ಲ. ಕೊನೆಗೆ ಫಾದರ್ ಹತ್ತಿರ ಹೋಗಿ ಅತ್ತಾಗ ಅವರು, "ಅವನನ್ನ ಕರೆಯೋದು ಬಿಡಮ್ಮ. ನಿನ್ನ ಹೆಸರಿನ ಸಂತಳೂ ದಾರಿ ತಪ್ಪಿದ ಮಗನಿಗಾಗಿ ವರ್ಷಗಟ್ಟಲೆ ಅತ್ತವಳೇ. ದೇವರ ಹತ್ರ ಮಾತಾಡು" ಎಂದಿದ್ದರು.

ಅದಕ್ಕೇ ಈ ಭಾನುವಾರ ಅವಳು ಮಗನನ್ನು ಎಬ್ಬಿಸದೆ ಒಬ್ಬಳೇ ಬಂದಿದ್ದಳು.

"ನನ್ನ ಮಗ ಫೆಲಿಕ್ಸ್..." ಮೈಕಿಗೆ ಇನ್ನಷ್ಟು ಹತ್ತಿರ ಬಾಗಿದಳು. "ದಾರಿ ತಪ್ಪೈತೆ ಕೂಸು. ನಿನ್ನ ಮನೇನೇ ಮರ್ತೈತೆ. ಅವನ ಮನಸ್ಸು ಕಲ್ಲಾಗೈತೆ, ಕರಗ್ಸು ಸ್ವಾಮಿ."

"ಪ್ರಭುವೇ, ನಮ್ಮ ಪ್ರಾರ್ಥನೆಯನ್ನು ಆಲಿಸು," ಎಂದರು ಜನ. ಆದರೆ ದನಿ ಎಂದಿನಂತಿರಲಿಲ್ಲ, ಅರ್ಧಕ್ಕರ್ಧ ಜನ ಬಾಯಿ ತೆರೆದೇ ಇರಲಿಲ್ಲ. ಮೋನಿಕಾ ಕಣ್ಣು ಬಿಟ್ಟಳು. ತಲೆಗಳೆಲ್ಲ ಹಿಂದಕ್ಕೆ ತಿರುಗಿದ್ದವು. ಕೊನೆಯ ಬೆಂಚಿನ ತುದಿಯಲ್ಲಿ, ಹಬ್ಬದ ಬಿಳಿ ಅಂಗಿ ತೊಟ್ಟು, ಫೆಲಿಕ್ಸ್ ಕೂತಿದ್ದ.

ಅವನು ಎದ್ದು ಹೊರಗೆ ನಡೆದ. ಅಯ್ಯೋ, ಇನ್ನೊಂದು ವಾರ ಬಾಯಿಗೆ ಬೀಗ ಹಾಕಿಕೊಂಡಿದ್ದರೆ ಇವಳ ಗಂಟೇನು ಹೋಗುತ್ತಿತ್ತು! "ಕುಂತ್ಕಳೇ, ಪೂಜೆ ನಡೀತೈತೆ" ಎಂದು ಪಕ್ಕದ ಮನೆಯ ಚಂದ್ರಕ್ಕ ಸೆರಗು ಹಿಡಿದರೂ ಕೊಸರಿಕೊಂಡು ಮೋನಿಕಾ ಮಗನ ಹಿಂದೆ ಓಡಿದಳು.

ಗೇಟಿನ ಬಳಿ ಅವನು ಸೈಕಲ್ಲಿನ ಬೀಗ ತೆಗೆಯಲು ತಡಕಾಡುತ್ತಿದ್ದ. ಅಂಗಿಗೆ ತಾನೇ ಇಸ್ತ್ರಿ ಹಾಕಿಕೊಂಡಿದ್ದನೇನೋ, ಬೆನ್ನಿನ ಮೇಲೆ ಸೊಟ್ಟ ಗೆರೆ ಬಿದ್ದಿತ್ತು.

"ನೀನು ಬಂದೀಯ ಅಂತ ನಂಗೊತ್ತಿರ್ಲಿಲ್ಲ ಕಣಪ್ಪ."

"ಇವತ್ತು ನೀನು ಕರೀಲಿಲ್ಲ. ಅದಕ್ಕೇ ಬರಾಣ ಅನ್ನಿಸ್ತು." ಅವನು ತಲೆ ಎತ್ತಲಿಲ್ಲ. "ಹಿಂದೆ ಸುಮ್ನೆ ಕುಂತಿರಾಣ ಅಂತ."

"ಒಳಗೆ ಹೋಗಾಣ ಬಾ. ನನ್ನ ಪಕ್ಕ ಕುಂತ್ಕ."

"ಎಲ್ರೂ ನನ್ನೇ ನೋಡ್ತಾರಮ್ಮ, ಕಲ್ಲು ಕರಗ್ತೋ ಇಲ್ವೋ ಅಂತ."

"ತಪ್ಪಾತು ಮಗಾ."

ಒಳಗೆ ಕಾಣಿಕೆಯ ಹಾಡು ಮುಗಿಯಿತು. ಅವನು ಬೀಗ ತೆಗೆದು ಸೈಕಲ್ ತಿರುಗಿಸಿದ.

"ನೀನು ಹೋಗಮ್ಮ," ಎಂದ ಫೆಲಿಕ್ಸ್, ಮೆಲ್ಲಗೆ. "ಪ್ರಸಾದ ತಪ್ಪಿಹೋಗ್ತೈತೆ."

ಅವನು ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು. ಆ ಮೆತ್ತನೆಯ ಮಾತಿಗೆ ಅವಳ ಎದೆ ಒಡೆದುಹೋಯಿತು.

ಒಳಗೆ ಗಂಟೆ ಮೊಳಗಿತು. ಫಾದರ್ ರೊಟ್ಟಿಯನ್ನು ಮೇಲೆತ್ತುವ ಹೊತ್ತು. ಶಿಲುಬೆಯ ಗುರುತು ಹಾಕಿಕೊಳ್ಳಲು ಫೆಲಿಕ್ಸನ ಬಲಗೈ ತಾನಾಗಿಯೇ ಹಣೆಗೆ ಹೋಯಿತು. ಅಷ್ಟರಲ್ಲಿ, ತನ್ನನ್ನೇ ನೋಡುತ್ತಿದ್ದ ತಾಯಿ ಕಣ್ಣಿಗೆ ಬಿದ್ದಳು. ಅದೇ ಕೈಯಲ್ಲಿ ಕೂದಲು ಹಿಂದಕ್ಕೆ ತಳ್ಳಿಕೊಂಡು ಅವನು ಸೈಕಲ್ ಹತ್ತಿದ.