ಬಿಗಿಯಾಗಿ ಕಟ್ಟಿದ ತಾಡಪಾಲು

ಆಲ್ವಾರ್‌ನನ್ನು ಮಣ್ಣು ಮಾಡಿದ ಮೂರನೆಯ ದಿನ ಸಿಗ್ನೆಯ ಅಂಗಳದಿಂದ ನೀಲಿ ಕಾರು ಹೋಯಿತು. ಒಯ್ದವನು ಅವಳ ಗಂಡ ಆಲ್ವಾರ್‌ನ ಅಣ್ಣ ರೂನೆ.

ಅದು ಆಲ್ವಾರ್ ಹದಿನೇಳು ವರ್ಷದವನಿದ್ದಾಗ ತಂದ ಹಳೆಯ ಅಮೆರಿಕನ್ ಕಾರು. ಅವನಿಗೆ ವಯಸ್ಸು ಸಾಲದೆ ಕಾಗದದಲ್ಲಿ ಅಣ್ಣನ ಹೆಸರು ಹಾಕಿಸಿದ್ದರು. ಆಮೇಲೆ ಬದಲಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹದಿನಾಲ್ಕು ವರ್ಷ ಆಲ್ವಾರ್ ಅದರ ಒಂದೊಂದು ತಿರುಪನ್ನೂ ಬಿಚ್ಚಿ, ಒರೆಸಿ, ಮತ್ತೆ ಕೂಡಿಸಿದ್ದ. ಶ್ವಾಸಕೋಶ ಕೆಟ್ಟು ಅವನು ಐದು ತಿಂಗಳು ಆಸ್ಪತ್ರೆಯಲ್ಲಿ ಮಲಗಿದ್ದಾಗ ರೂನೆ ಒಮ್ಮೆಯೂ ಬರಲಿಲ್ಲ. ಸತ್ತ ಮೇಲೆ ಕಾಗದ ಹಿಡಿದುಕೊಂಡು ಬಂದ.

"ನನ್ನ ಹೆಸರಲ್ಲೇ ಇದೆ, ನೋಡಮ್ಮ. ನಿನಗೋ ಇದನ್ನ ಇಡೋಕೆ ಗ್ಯಾರೇಜೂ ಇಲ್ಲ."

ಗ್ಯಾರೇಜು ರೂನೆಗೂ ಇರಲಿಲ್ಲ. ರಸ್ತೆಯಾಚೆ, ಸಿಗ್ನೆಯ ಅಡುಗೆಮನೆ ಕಿಟಕಿಗೆ ನೇರವಾಗಿ, ಅವನ ಮನೆ ಪಕ್ಕದ ಹುಲ್ಲಿನ ಮೇಲೆ ಕಾರು ನಿಂತಿತು.

ಅಕ್ಟೋಬರ್ ಕೊನೆಗೆ, ನೀರು ಹೆಪ್ಪುಗಟ್ಟಿ ಜಾರದಂತೆ, ರಸ್ತೆಗೆ ಉಪ್ಪು ಬಿತ್ತು. ಆಲ್ವಾರ್ ಆಗಿದ್ದರೆ ಅಷ್ಟರಲ್ಲಿ ಕಾರನ್ನು ನಿಲ್ಲಿಸಿ ಎರಡು ವಾರವಾಗಿರುತ್ತಿತ್ತು. ರೂನೆ ಗೆಳೆಯರನ್ನು ತುಂಬಿಕೊಂಡು, ಹಾರನ್ ಬಾರಿಸುತ್ತ ಸಿಲ್ಯಾನ್ ಸರೋವರಕ್ಕೆ ಒಂದು ಸುತ್ತು ಹಾಕಿ ಬಂದ. ಉಪ್ಪು ಮೆತ್ತಿದ ಅಡಿಭಾಗ ತೊಳೆಯಲಿಲ್ಲ. ಮಾರನೆಯ ಬೆಳಿಗ್ಗೆ ಹಸಿರು ಪ್ಲಾಸ್ಟಿಕ್ ತಾಡಪಾಲು ಬಿಡಿಸತೊಡಗಿದ.

ಟಪಾಲು ಪೆಟ್ಟಿಗೆಯ ಹತ್ತಿರ ಪಕ್ಕದ ಮನೆಯ ಮುದುಕಿ ಮಾರ್ತಾಳೊಂದಿಗೆ ನಿಂತಿದ್ದ ಸಿಗ್ನೆಯನ್ನು ಅವನು ಕೂಗಿದ.

"ಬಾ ಇಲ್ಲಿ. ನಿಮಗೂ ಗ್ಯಾರೇಜ್ ಇರಲಿಲ್ಲವಲ್ಲ, ಚಳಿಗಾಲಕ್ಕೆ ಆಲ್ವಾರ್ ಇದನ್ನ ಹೇಗೆ ಇಡ್ತಿದ್ದ?"

ಅಡಿಭಾಗ ತೊಳೆದು ಒಣಗಿಸಬೇಕು. ಹುಲ್ಲಿನ ಮೇಲಲ್ಲ, ಜಲ್ಲಿಯ ಮೇಲೆ ಹಲಗೆ ಹಾಸಿ ನಿಲ್ಲಿಸಬೇಕು. ಹ್ಯಾಂಡ್‌ಬ್ರೇಕ್ ಬಿಟ್ಟಿರಬೇಕು, ಇಲ್ಲವಾದರೆ ತುಕ್ಕು ಹಿಡಿದು ಚಕ್ರ ಕಚ್ಚಿಕೊಳ್ಳುತ್ತದೆ. ಇಲಿ ನುಗ್ಗದಂತೆ ಹೊಗೆಕೊಳವೆಗೆ ಉಕ್ಕಿನ ನಾರು ತುರುಕಬೇಕು. ಮೈಮೇಲೆ ಬರೀ ಹತ್ತಿಬಟ್ಟೆ. ಹಳೆಯ ಹಾಸಿಗೆ ಬಟ್ಟೆಗಳನ್ನು ಜೋಡಿಸಿ ಸಿಗ್ನೆಯೇ ಹೊಲಿದದ್ದು. ಅದರ ಮೇಲೆ ನಾಲ್ಕು ಕಂಬದ ಇಳಿಜಾರು ಮಾಡು, ಗೋಡೆಯಿಲ್ಲದೆ ಸುತ್ತಲೂ ತೆರೆದದ್ದು. ಗಾಡಿನೂ ಉಸಿರಾಡಬೇಕು ಕಣೇ, ಅನ್ನುತ್ತಿದ್ದ ಆಲ್ವಾರ್. ಉಪ್ಸಾಲಾದಲ್ಲಿ ರಸಾಯನಶಾಸ್ತ್ರ ಓದಿದವಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ.

ಎಲ್ಲವೂ ನಾಲಿಗೆ ತುದಿಗೆ ಬಂತು.

"ಹೀಗೇ, ಭಾವ," ಅಂದಳು. "ಇನ್ನೂ ಸ್ವಲ್ಪ ಬಿಗಿಯಾಗಿ ಕಟ್ಟಿ. ಕೆಳಗಿಂದ ಗಾಳಿ ಆಡಬಾರದು. ಹ್ಯಾಂಡ್‌ಬ್ರೇಕ್ ಎಳೆದಿಡಿ."

"ಕೇಳಿದ್ಯಾ ಮಾರ್ತಾ? ಓದಿದವಳ ಮಾತು!"

"ಕೇಳ್ದೆ. ಮೊದಲು ನಿನ್ನ ಬೂಟಿನ ದಾರ ಕಟ್ಕೋ, ಆಮೇಲೆ ಕಾರು ಕಟ್ಟುವಿಯಂತೆ."

ರಸ್ತೆ ದಾಟುವಾಗ ಮಾರ್ತಾ ಮೆಲ್ಲಗೆ ಕೇಳಿದಳು. "ಆಲ್ವಾರ್ ಹಾಗೆ ಮಾಡ್ತಿರಲಿಲ್ಲ, ಅಲ್ವೇನೇ?"

"ಇಲ್ಲ."

"ಹೂಂ." ಮುದುಕಿ ನಾಲ್ಕು ಹೆಜ್ಜೆ ನಡೆದಳು. "ಬಾ, ಕಾಫಿ ಇಟ್ಟಿದೀನಿ."

ಹಿಮ ಬಿತ್ತು. ದಿನಾ ಬೆಳಿಗ್ಗೆ ಸಿಗ್ನೆ ಕಿಟಕಿಯಲ್ಲಿ ನಿಂತು ಆ ಹಸಿರು ಗಂಟನ್ನು ನೋಡುತ್ತಿದ್ದಳು. ಗಂಡ ಸತ್ತಾಗಿನಿಂದ ಊಟಕ್ಕೆ ರುಚಿಯಿರಲಿಲ್ಲ, ಅಳುವೂ ಬರುತ್ತಿರಲಿಲ್ಲ. ಗಂಟನ್ನು ನೋಡುವಾಗ ಮಾತ್ರ ಎದೆಯಲ್ಲಿ ಸಣ್ಣ ಕೆಂಡವೊಂದು ಮಿನುಗುತ್ತಿತ್ತು. ಮಾರ್ಚ್ ತಿಂಗಳಲ್ಲಿ ಹಗಲು ಬಿಸಿಲು, ಇರುಳು ಹೆಪ್ಪು. ನೆಲದ ತೇವ ಮೇಲೇರಿ, ಪ್ಲಾಸ್ಟಿಕ್ಕಿಗೆ ತಗುಲಿ, ಹನಿಯಾಗಿ ಮತ್ತೆ ಕಾರಿನ ಮೇಲೆ ಬೀಳುತ್ತಿದೆಯೆಂದು ಅವಳಿಗೆ ಗೊತ್ತಿತ್ತು. ಒಂದು ದಿನ ಕತ್ತರಿ ಹಿಡಿದು ಬಾಗಿಲವರೆಗೆ ಹೋದಳು. ಎರಡು ಹಗ್ಗ ಕತ್ತರಿಸಿದರೆ ಸಾಕಿತ್ತು, ಗಾಳಿಯಾಡಿ ಕಾರು ಉಳಿಯುತ್ತಿತ್ತು. ಆಸ್ಪತ್ರೆಯ ಹಾಸಿಗೆ ಪಕ್ಕ, ಐದು ತಿಂಗಳಲ್ಲಿ ರೂನೆ ಒಮ್ಮೆಯೂ ಬಂದು ಕೂರದ ಕುರ್ಚಿ ನೆನಪಾಯಿತು. ಕತ್ತರಿಯನ್ನು ಮೊಳೆಗೆ ನೇತುಹಾಕಿದಳು.

ಮೇ ಒಂದರ ಹಳೆಯ ಕಾರುಗಳ ಮೆರವಣಿಗೆಗೆ ತನ್ನದೇ ಮುಂದಾಳತ್ವ ಎಂದು ರೂನೆ ಊರಿಗೆಲ್ಲ ಸಾರಿದ್ದ. ಹಿಂದಿನ ದಿನ, ವಸಂತವನ್ನು ಸ್ವಾಗತಿಸುವ ಹಬ್ಬದ ಬೆಂಕಿಗೆ ಜನ ಕಟ್ಟಿಗೆ ಒಟ್ಟುತ್ತಿದ್ದಾಗ, ಗೆಳೆಯರ ಮುಂದೆ ಹಗ್ಗ ಬಿಚ್ಚಿದ.

ಮೊದಲು ವಾಸನೆ ಬಂತು. ಬಾಗಿಲ ಅಂಚುಗಳ ಉದ್ದಕ್ಕೂ ನೀಲಿ ಬಣ್ಣ ಸಿಡುಬಿನಂತೆ ಎದ್ದಿತ್ತು. ಸೀಟು ಬಗೆದು ಇಲಿ ಸಂಸಾರ ಹೂಡಿತ್ತು. ಗೆಳೆಯರು ಹಗ್ಗ ಕಟ್ಟಿ ಎಳೆದರು. ಹಿಂದಿನ ಚಕ್ರಗಳು ತಿರುಗದೆ ಹುಲ್ಲನ್ನು ಎರಡು ಸಾಲಾಗಿ ಉತ್ತವು.

"ರೂನೆ, ಆಲೂಗಡ್ಡೆ ನೆಡೋಕೆ ಸಾಲು ತಯಾರು!" ಯಾರೋ ಕೂಗಿದರು. ನಗು ಎದ್ದಿತು.

ರೂನೆ ಗುಂಪಿನಲ್ಲಿ ಸಿಗ್ನೆಯನ್ನು ಹುಡುಕಿದ. "ನೀನೇ ಅಂದ್ಯಲ್ಲ, ಬಿಗಿಯಾಗಿ ಕಟ್ಟು ಅಂತ!"

"ಅಂದೆ."

"ಅದು ಅವನ ಕಾರು ಕಣೇ!"

"ಈಗ ನೆನಪಾಯ್ತಾ, ಭಾವ?"

ಸಿಗ್ನೆ ಕಾರಿನ ಬಳಿ ಹೋದಳು. ಸ್ಟೀರಿಂಗ್ ಚಕ್ರದ ಮೇಲೆ, ಆಲ್ವಾರ್‌ನ ಎಡಗೈ ಸವೆಸಿದ್ದ ಜಾಗದಲ್ಲಿ, ಬೂದು ಬೂಷ್ಟು ಹಬ್ಬಿತ್ತು. ತೆರೆದ ಬಾಗಿಲಿಂದ ಕೈ ತೂರಿಸಿ ಅಂಗಿತೋಳಿನ ತುದಿಯಿಂದ ಅಷ್ಟು ಜಾಗವನ್ನು ಮಾತ್ರ ಒರೆಸಿದಳು, ಮಿನುಗುವವರೆಗೆ. ಉಳಿದದ್ದನ್ನು ಇದ್ದ ಹಾಗೇ ಬಿಟ್ಟು ರಸ್ತೆ ದಾಟಿದಳು.